ಇಂಗ್ಲಿಷ್ ವಾಕ್ಯವನ್ನು ಬಿಡಿಸುವ ಬಗೆ: ಪದದ ವರ್ಗ ಮತ್ತು ಕ್ರಿಯಾಪದದ ಕಾಲ

ಮುಂಬಯಿ ಮಹಾನಗರಪಾಲಿಕೆಯ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳಿಗೆ ಭಾಷೆ ಹೊಸದಲ್ಲ. ಮನೆಯಲ್ಲಿ ತುಳುವೋ ಕನ್ನಡವೋ, ಚಾಳಿನ ಅಂಗಳದಲ್ಲಿ ಮರಾಠಿ, ಲೋಕಲ್ ರೈಲಿನಲ್ಲಿ ಹಿಂದಿ, ಹೀಗೆ ಮೂರು ನಾಲ್ಕು ಭಾಷೆಗಳನ್ನು ದಿನವಿಡೀ ನಿಭಾಯಿಸುವ ಈ ಮಕ್ಕಳು ಇಂಗ್ಲಿಷ್ ಪ್ರಶ್ನೆಪತ್ರಿಕೆಯಲ್ಲಿ ‘ಗೆರೆ ಎಳೆದ ಪದದ ಪಾರ್ಟ್ ಆಫ್ ಸ್ಪೀಚ್ ಯಾವುದು’, ‘ಈ ವಾಕ್ಯದ ಟೆನ್ಸ್ ಯಾವುದು’ ಎಂಬ ಎರಡು ಪ್ರಶ್ನೆಗಳ ಮುಂದೆ ಮಾತ್ರ ಪೆನ್ನು ಕಚ್ಚುತ್ತ ಕುಳಿತುಬಿಡುತ್ತಾರೆ. ಭಾನುವಾರದ ಬೆಳಿಗ್ಗೆ ಸಂಘದ ಕೋಣೆಯೊಂದರಲ್ಲಿ ಇಂಥ ಮಕ್ಕಳಿಗೂ, ಹೋಟೆಲಿನಲ್ಲಿ ದುಡಿಯುತ್ತ ಹತ್ತನೆಯ ತರಗತಿಯ ಪರೀಕ್ಷೆ ಕಟ್ಟುವ ಹುಡುಗರಿಗೂ ಪಾಠ ಹೇಳುವ ನಾನು, ಹಲವು ವರ್ಷ ಎಂಟು ವರ್ಗಗಳ ವ್ಯಾಖ್ಯೆಗಳನ್ನು ಬಾಯಿಪಾಠ ಮಾಡಿಸಿದವನೇ. ಅದರಿಂದ ವ್ಯಾಖ್ಯೆ ಬಂತೇ ಹೊರತು ಗುರುತಿಸುವ ಕಣ್ಣು ಬರಲಿಲ್ಲ. ಆಮೇಲೆ ಹಿಡಿದ ದಾರಿಯನ್ನು ಇಲ್ಲಿ ವಿವರಿಸಿದ್ದೇನೆ.

ಆ ದಾರಿ ತೋರಿಸಿದ್ದು ಏಳನೆಯ ತರಗತಿಯ ಒಬ್ಬ ಹುಡುಗನ ತಪ್ಪು. ‘ವೀ ವಾಟರ್ ದಿ ಪ್ಲಾಂಟ್ಸ್ ಎವ್ರಿ ಮಾರ್ನಿಂಗ್’ ಎಂಬ ವಾಕ್ಯದಲ್ಲಿ ‘ವಾಟರ್’ ಪದವನ್ನು ಅವನು ನೌನ್ ಎಂದು ಬರೆದಿದ್ದ. ಕೇಳಿದರೆ, ‘ವಾಟರ್ ಅಂದ್ರೆ ನೀರು, ನೀರು ನಾಮಪದ ಅಲ್ವಾ ಮಾಷ್ಟ್ರೇ?’ ಎಂದ. ಕನ್ನಡದ ಮಟ್ಟಿಗೆ ಅವನ ತರ್ಕದಲ್ಲಿ ಯಾವ ದೋಷವೂ ಇಲ್ಲ. ನಮ್ಮಲ್ಲಿ ನೀರು ಎಲ್ಲಿ ಕುಳಿತರೂ ನಾಮಪದವೇ, ಅದರಿಂದ ಕ್ರಿಯೆಯನ್ನು ಹೇಳಿಸಬೇಕಾದರೆ ‘ನೀರು ಹಾಕು’ ಎಂದೋ ‘ನೀರುಣಿಸು’ ಎಂದೋ ಏನನ್ನಾದರೂ ಸೇರಿಸಲೇಬೇಕು. ಕೇಶಿರಾಜನ ಕಾಲದಿಂದಲೂ ನಮ್ಮ ವ್ಯಾಕರಣ ನಾಮಪ್ರಕೃತಿಗೆ ವಿಭಕ್ತಿ ಪ್ರತ್ಯಯ, ಧಾತುವಿಗೆ ಆಖ್ಯಾತ ಪ್ರತ್ಯಯ ಎಂದು ಬೇರ್ಪಡಿಸುತ್ತ ಬಂದಿರುವುದರಿಂದ, ಪದದ ಬಾಲವನ್ನು ನೋಡಿ ಅದರ ಜಾತಿ ಹೇಳುವುದು ನಮಗೆ ರೂಢಿಯಾಗಿಬಿಟ್ಟಿದೆ. ಇಂಗ್ಲಿಷಿನಲ್ಲಿ ಬಹುಪಾಲು ಪದಗಳಿಗೆ ಅಂಥ ಬಾಲವಿಲ್ಲ, ಅಲ್ಲಿ ಪದದ ವರ್ಗವನ್ನು ಗೊತ್ತುಮಾಡುವುದು ಅದು ಕುಳಿತ ಜಾಗ ಮತ್ತು ಅಕ್ಕಪಕ್ಕದ ಪದಗಳು.

ಮುಂಬಯಿಯವರೆಲ್ಲರ ಬಾಯಲ್ಲಿರುವ ‘ಫಾಸ್ಟ್’ ಎಂಬ ಒಂದೇ ಪದ ಸಾಕು ಇದನ್ನು ತೋರಿಸಲು. ‘ಐ ಟುಕ್ ಎ ಫಾಸ್ಟ್ ಟ್ರೇನ್’ ಎಂಬಲ್ಲಿ ಅದು ಟ್ರೇನ್ ಎಂಬ ನಾಮಪದವನ್ನು ಬಣ್ಣಿಸುವ ಅಡ್ಜೆಕ್ಟಿವ್. ‘ದಿಸ್ ಟ್ರೇನ್ ರನ್ಸ್ ಫಾಸ್ಟ್’ ಎಂಬಲ್ಲಿ ಓಡುವ ಬಗೆಯನ್ನು ಹೇಳುವ ಅಡ್ವರ್ಬ್. ‘ಮೈ ಮದರ್ ಫಾಸ್ಟ್ಸ್ ಆನ್ ಏಕಾದಶಿ’ ಎಂದರೆ ಅಮ್ಮ ಏಕಾದಶಿಯಂದು ಉಪವಾಸ ಮಾಡುತ್ತಾಳೆ ಎಂದರ್ಥವಾಗಿ ಅದು ವರ್ಬ್ ಆಗುತ್ತದೆ. ‘ಶೀ ಬ್ರೋಕ್ ಹರ್ ಫಾಸ್ಟ್’ ಎಂಬಲ್ಲಿ ಉಪವಾಸ ಎಂಬ ನೌನ್. ಕನ್ನಡದಲ್ಲಿ ವೇಗದ, ವೇಗವಾಗಿ, ಉಪವಾಸ ಮಾಡು, ಉಪವಾಸ ಎಂದು ನಾಲ್ಕು ರೂಪಗಳಾಗಿ ಕಾಣುವುದು ಅಲ್ಲಿ ಒಂದೇ ಪದ. ಆದ್ದರಿಂದ ಪದವನ್ನು ಒಂಟಿಯಾಗಿ ನೋಡಿ ಉತ್ತರ ಬರೆಯಬಾರದು, ಇಡೀ ವಾಕ್ಯವನ್ನು ಒಮ್ಮೆ ಓದದೆ ಪೆನ್ನು ಎತ್ತಬಾರದು.

ಮೊದಲು ಕ್ರಿಯಾಪದವನ್ನು ಹಿಡಿಯಿರಿ

ವಾಕ್ಯವನ್ನು ಎಡದಿಂದ ಬಲಕ್ಕೆ ಒಂದೊಂದೇ ಪದವಾಗಿ ಗುರುತಿಸುತ್ತ ಹೋಗುವುದು ಸುಲಭವೆಂದು ತೋರಿದರೂ ಅದೇ ಕಷ್ಟದ ದಾರಿ. ಮೊದಲು ಹಿಡಿಯಬೇಕಾದದ್ದು ಕ್ರಿಯಾಪದ. ಅದನ್ನು ಹಿಡಿಯಲು ಬಹುಮಟ್ಟಿಗೆ ಖಚಿತವಾದ ಒಂದು ಉಪಾಯವಿದೆ. ವಾಕ್ಯ ಇಂದಿನದಾಗಿದ್ದರೆ ಅದಕ್ಕೆ ‘ಯೆಸ್ಟರ್ಡೇ’ ಸೇರಿಸಿ ಓದಬೇಕು, ನಿನ್ನೆಯದಾಗಿದ್ದರೆ ‘ಎವ್ರಿ ಡೇ’ ಸೇರಿಸಿ ಓದಬೇಕು. ಆಗ ಯಾವ ಪದ ತನ್ನ ರೂಪವನ್ನು ಬದಲಿಸಿಕೊಳ್ಳುತ್ತದೆಯೋ ಅದೇ ಕ್ರಿಯಾಪದ. ‘ವೀ ವಾಟರ್ ದಿ ಪ್ಲಾಂಟ್ಸ್’ ಎಂಬುದಕ್ಕೆ ನಿನ್ನೆಯನ್ನು ಸೇರಿಸಿದೊಡನೆ ‘ವೀ ವಾಟರ್ಡ್ ದಿ ಪ್ಲಾಂಟ್ಸ್’ ಆಗುತ್ತದೆ. ವೀ ಬದಲಾಗಲಿಲ್ಲ, ಪ್ಲಾಂಟ್ಸ್ ಬದಲಾಗಲಿಲ್ಲ, ವಾಟರ್ ಮಾತ್ರ ಬದಲಾಯಿತು. ಆ ಹುಡುಗನಿಗೆ ಇಷ್ಟು ಮಾಡಿ ತೋರಿಸಿದ ಮೇಲೆ ಅವನು ನನ್ನನ್ನು ಮತ್ತೆ ಕೇಳಲಿಲ್ಲ.

ಈಗ ಒಂದು ಪೂರ್ತಿ ವಾಕ್ಯವನ್ನು ಬಿಡಿಸೋಣ. ಮಾಟುಂಗದ ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕುಳಿತ ಹಿರಿಯರನ್ನು ನೆನೆದು ನಾನು ಬೋರ್ಡಿನ ಮೇಲೆ ಬರೆಯುವ ವಾಕ್ಯ ಹೀಗಿದೆ: ‘ದಿ ಓಲ್ಡ್ ಮ್ಯಾನ್ ಅಟ್ ದಿ ಕೌಂಟರ್ ಕ್ವಿಕ್ಲಿ ಕೌಂಟ್ಸ್ ದಿ ಚೇಂಜ್’. ನಿನ್ನೆಯನ್ನು ಸೇರಿಸಿ ಓದಿದರೆ ‘ಕೌಂಟ್ಸ್’ ಪದವು ‘ಕೌಂಟೆಡ್’ ಆಗುತ್ತದೆ, ಕ್ರಿಯಾಪದ ಸಿಕ್ಕಿತು. ಎಣಿಸುವವರು ಯಾರು ಎಂದು ಕೇಳಿದರೆ ‘ಮ್ಯಾನ್’, ಅದು ನೌನ್ ಮತ್ತು ಈ ವಾಕ್ಯದ ಕರ್ತೃ. ಎಂಥ ಮ್ಯಾನ್ ಎಂಬುದಕ್ಕೆ ‘ಓಲ್ಡ್’ ಉತ್ತರ, ಆದ್ದರಿಂದ ಅಡ್ಜೆಕ್ಟಿವ್. ಹೇಗೆ ಎಣಿಸುತ್ತಾರೆ ಎಂಬುದಕ್ಕೆ ‘ಕ್ವಿಕ್ಲಿ’ ಉತ್ತರ, ಆದ್ದರಿಂದ ಅಡ್ವರ್ಬ್. ಉಳಿದದ್ದು ‘ಅಟ್’, ‘ಕೌಂಟರ್’, ‘ಚೇಂಜ್’ ಮತ್ತು ಮೂರು ಕಡೆ ಬಂದ ‘ದಿ’.

ಈ ‘ದಿ’ ಮತ್ತು ಅದರ ಸಂಗಾತಿಗಳಾದ ‘ಎ’, ‘ಆ್ಯನ್’ ದಾರಿಯ ಕೈಮರಗಳಿದ್ದಂತೆ. ಇವು ಕಂಡರೆ ಮುಂದೆ ಎಲ್ಲೋ ಒಂದು ನೌನ್ ಬರಲಿದೆ ಎಂದು ತಿಳಿಯಬೇಕು. ‘ಮೈ’, ‘ಹರ್’, ‘ದಿಸ್’ ಮುಂತಾದವೂ ಹಾಗೆಯೇ. ಹಳೆಯ ವ್ಯಾಕರಣಗಳು ಆರ್ಟಿಕಲ್‌ಗಳನ್ನು ಅಡ್ಜೆಕ್ಟಿವ್ ಗುಂಪಿಗೆ ಸೇರಿಸುತ್ತಿದ್ದವು, ಈಚಿನ ವ್ಯಾಕರಣಗಳು ಡಿಟರ್ಮಿನರ್ ಎಂಬ ಬೇರೆ ಹೆಸರನ್ನು ಕೊಡುತ್ತವೆ. ಪರೀಕ್ಷೆಗೆ ಕೂರುವವರು ತಮ್ಮ ಪಠ್ಯಪುಸ್ತಕ ಯಾವ ಹೆಸರನ್ನು ಬಳಸಿದೆಯೋ ಅದನ್ನೇ ಬರೆಯುವುದು ಕ್ಷೇಮ. ಅದಕ್ಕೆ ಮೊದಲು ‘ದಿ’ ಬಂದಿರುವುದರಿಂದ ಇಲ್ಲಿ ‘ಚೇಂಜ್’ ಎಂದರೆ ಚಿಲ್ಲರೆ, ನೌನ್. ‘ವೀ ಚೇಂಜ್ ಟ್ರೇನ್ಸ್ ಅಟ್ ದಾದರ್’ ಎಂದಾಗ ಅದೇ ಪದ ಕರ್ತೃವಿನ ಬೆನ್ನಿಗೇ ಬಂದು ವರ್ಬ್ ಆಗುತ್ತದೆ.

‘ಅಟ್’ ಎಂಬುದು ಪ್ರೆಪೊಸಿಷನ್. ಇದನ್ನು ಕನ್ನಡಿಗರಿಗೆ ಅರ್ಥ ಮಾಡಿಸಲು ವ್ಯಾಖ್ಯೆ ಬೇಕಿಲ್ಲ, ನಮ್ಮ ವಿಭಕ್ತಿ ಪ್ರತ್ಯಯಗಳನ್ನು ನೆನಪಿಸಿದರೆ ಸಾಕು. ಗಲ್ಲಾದಲ್ಲಿ, ಮನೆಗೆ, ಊರಿನಿಂದ ಎಂದು ನಾವು ಪದದ ಹಿಂದೆ ಅಂಟಿಸುವುದನ್ನು ಇಂಗ್ಲಿಷ್ ಬಿಡಿಪದವಾಗಿಸಿ ನೌನಿನ ಮುಂದೆ ಇಡುತ್ತದೆ. ನೌನೋ ಪ್ರೊನೌನೋ ಹಿಂದಿನಿಂದ ಬರದೆ ಆ ಪದ ಒಂಟಿಯಾಗಿ ನಿಂತರೆ ಅದು ಅಡ್ವರ್ಬ್ ಆಗಿರುವ ಸಂಭವವೇ ಹೆಚ್ಚು. ‘ಪ್ಲೀಸ್ ಕಮ್ ಇನ್’ ಎಂಬಲ್ಲಿ ‘ಇನ್’ ಅಡ್ವರ್ಬ್, ‘ಪ್ಲೀಸ್ ಕಮ್ ಇನ್ ದಿ ಈವ್ನಿಂಗ್’ ಎಂಬಲ್ಲಿ ಪ್ರೆಪೊಸಿಷನ್.

ನೌನಿನ ಕೊನೆಗೂ ವರ್ಬಿನ ಕೊನೆಗೂ ಬರುವ ‘ಎಸ್’ ಅಕ್ಷರ ಬಹಳ ಮಕ್ಕಳನ್ನು ಹಾದಿ ತಪ್ಪಿಸುತ್ತದೆ. ‘ದಿ ಬಾಯ್ ರನ್ಸ್’, ‘ದಿ ಬಾಯ್ಸ್ ರನ್’ ಎಂಬ ಎರಡು ವಾಕ್ಯಗಳನ್ನು ಮೇಲೆ ಕೆಳಗೆ ಬರೆದು ನೋಡಿದರೆ ಆ ‘ಎಸ್’ ಒಂದು ಕಡೆಯಿಂದ ಎದ್ದು ಇನ್ನೊಂದು ಕಡೆ ಕುಳಿತಿರುವುದು ಕಾಣುತ್ತದೆ. ನೌನಿನಲ್ಲಿ ಅದು ಬಹುವಚನ, ವರ್ಬಿನಲ್ಲಿ ಏಕವಚನ.

ಕನ್ನಡಕ್ಕೆ ತಿರುಗಿಸಿ ನೋಡುವುದು

ಇಂಗ್ಲಿಷ್ ಕಲಿಯುವಾಗ ಕನ್ನಡದಲ್ಲಿ ಯೋಚಿಸಬಾರದು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ವ್ಯಾಕರಣವನ್ನು ಗುರುತಿಸುವ ಕೆಲಸದಲ್ಲಂತೂ ಕನ್ನಡವೇ ಒಳ್ಳೆಯ ಒರೆಗಲ್ಲು, ಏಕೆಂದರೆ ಇಂಗ್ಲಿಷ್ ಮುಚ್ಚಿಟ್ಟದ್ದನ್ನು ಕನ್ನಡದ ಪ್ರತ್ಯಯ ಹೊರಗೆ ಹಾಕುತ್ತದೆ. ‘ದಟ್’ ಎಂಬ ಪದವನ್ನೇ ನೋಡಿ. ‘ದಟ್ ಟ್ರೇನ್ ಈಸ್ ಲೇಟ್’ ಎಂಬುದನ್ನು ತಿರುಗಿಸಿದರೆ ‘ಆ ರೈಲು’, ‘ದಟ್ ಈಸ್ ಮೈ ಟ್ರೇನ್’ ಎಂಬುದರಲ್ಲಿ ‘ಅದು’, ‘ಐ ನೋ ದಟ್ ಹೀ ಈಸ್ ಹಿಯರ್’ ಎಂಬುದರಲ್ಲಿ ‘ಎಂದು’. ಆ ಎಂದರೆ ವಿಶೇಷಣ, ಅದು ಎಂದರೆ ಸರ್ವನಾಮ, ಎಂದು ಎಂದರೆ ಎರಡು ವಾಕ್ಯಗಳನ್ನು ಬೆಸೆಯುವ ಕಂಜಂಕ್ಷನ್.

‘ಐಎನ್‌ಜಿ’ಯಿಂದ ಮುಗಿಯುವ ಪದಗಳಿಗೂ ಇದೇ ಮದ್ದು. ‘ಸ್ವಿಮ್ಮಿಂಗ್ ಈಸ್ ಗುಡ್ ಎಕ್ಸರ್‌ಸೈಜ್’ ಎಂದರೆ ಈಜುವುದು ಒಳ್ಳೆಯ ವ್ಯಾಯಾಮ. ‘ಹೀ ಈಸ್ ಸ್ವಿಮ್ಮಿಂಗ್’ ಎಂದರೆ ಅವನು ಈಜುತ್ತಿದ್ದಾನೆ. ‘ಡೋಂಟ್ ಬೋರ್ಡ್ ಎ ರನ್ನಿಂಗ್ ಟ್ರೇನ್’ ಎಂದರೆ ಓಡುವ ರೈಲನ್ನು ಹತ್ತಬೇಡಿ. ‘-ವುದು’ ಬಂದರೆ ನೌನಿನ ಕೆಲಸ, ‘-ಉತ್ತಿದ್ದಾನೆ’ ಬಂದರೆ ಕ್ರಿಯಾಪದದ ಭಾಗ, ‘-ಉವ’ ಬಂದು ಮುಂದೆ ಒಂದು ನಾಮಪದ ನಿಂತರೆ ಅಡ್ಜೆಕ್ಟಿವ್ ಕೆಲಸ. ಈ ಕೊನೆಯ ವಾಕ್ಯದಲ್ಲಿ ‘ಬೋರ್ಡ್’ ಕೂಡ ಗೋಡೆಯ ಮೇಲಿನ ಬೋರ್ಡಲ್ಲ, ಹತ್ತು ಎಂಬ ವರ್ಬ್ ಎಂಬುದನ್ನು ಗಮನಿಸಬೇಕು.

ಆದರೆ ಈ ಒರೆಗಲ್ಲು ಕೈಕೊಡುವ ಜಾಗವೂ ಒಂದಿದೆ. ‘-ಆದ’ ಬಂದರೆ ಅಡ್ಜೆಕ್ಟಿವ್, ‘-ಆಗಿ’ ಬಂದರೆ ಅಡ್ವರ್ಬ್ ಎಂಬ ನಿಯಮ ‘ಶೀ ಸಿಂಗ್ಸ್ ಬ್ಯೂಟಿಫುಲಿ’ ಎಂಬಲ್ಲಿ ಸರಿಹೋಗುತ್ತದೆ, ಅವಳು ಸೊಗಸಾಗಿ ಹಾಡುತ್ತಾಳೆ. ‘ಶೀ ಈಸ್ ಬ್ಯೂಟಿಫುಲ್’ ಎಂಬುದನ್ನು ತಿರುಗಿಸಿದಾಗಲೂ ‘ಅವಳು ಸುಂದರವಾಗಿದ್ದಾಳೆ’ ಎಂದು ‘ಆಗಿ’ ಬಂದುಬಿಡುತ್ತದೆ, ಆದರೂ ಇಂಗ್ಲಿಷಿನಲ್ಲಿ ಅದು ಅಡ್ಜೆಕ್ಟಿವ್. ‘ಈಸ್’, ‘ವಾಸ್’, ‘ಸೀಮ್ಸ್’, ‘ಲುಕ್ಸ್’ ಇಂಥವುಗಳ ಬೆನ್ನಿಗೆ ಬಂದು ಕರ್ತೃ ಹೇಗಿದೆ ಎಂದು ಹೇಳುವ ಪದ ಅಡ್ಜೆಕ್ಟಿವ್ ಎಂದು ಇಟ್ಟುಕೊಳ್ಳಬೇಕು. ‘ಎಲ್‌ವೈ’ ಕಂಡದ್ದೆಲ್ಲ ಅಡ್ವರ್ಬ್ ಎಂದು ನಂಬುವುದೂ ಅಪಾಯ, ‘ಫ್ರೆಂಡ್ಲಿ’, ‘ಲವ್ಲಿ’ ಅಡ್ಜೆಕ್ಟಿವ್‌ಗಳೇ. ಪ್ರೊನೌನ್‌ಗಳು ಎಣಿಕೆಗೆ ಸಿಗುವಷ್ಟಿವೆ, ‘ಆ್ಯಂಡ್’, ‘ಬಟ್’, ‘ಬಿಕಾಸ್’ ಮುಂತಾದ ಕಂಜಂಕ್ಷನ್‌ಗಳೂ ಹಾಗೆಯೇ. ‘ಓಹ್’, ‘ಹುರ್ರೇ’ ಎಂಬ ಉದ್ಗಾರಗಳನ್ನು ಗುರುತಿಸಲು ಪಾಠವೇ ಬೇಡ.

ಕಾಲವನ್ನು ಹೇಳುವ ಪದ ಯಾವುದು

ಟೆನ್ಸ್ ಎಂದೊಡನೆ ಹನ್ನೆರಡು ಮನೆಗಳ ಕೋಷ್ಟಕವನ್ನು ಉರುಹೊಡೆಸುವುದು ನಮ್ಮ ತರಗತಿಗಳ ವಾಡಿಕೆ. ಆ ಕೋಷ್ಟಕದ ಹಿಂದಿನ ಲೆಕ್ಕ ಸರಳವಾಗಿದೆ: ಮೂರು ಕಾಲಗಳು, ಒಂದೊಂದಕ್ಕೂ ಸಿಂಪಲ್, ಕಂಟಿನ್ಯುಯಸ್, ಪರ್ಫೆಕ್ಟ್, ಪರ್ಫೆಕ್ಟ್ ಕಂಟಿನ್ಯುಯಸ್ ಎಂಬ ನಾಲ್ಕು ಬಗೆಗಳು. ಇವುಗಳಲ್ಲಿ ಹೆಚ್ಚಿನವು ಕನ್ನಡದ ಕ್ರಿಯಾಪದದಲ್ಲಿ ಆಗಲೇ ಇವೆ ಎಂಬುದನ್ನು ಮಕ್ಕಳಿಗೆ ಯಾರೂ ಹೇಳಿರುವುದಿಲ್ಲ. ಬರೆಯುತ್ತೇನೆ ಎಂದರೆ ‘ಐ ರೈಟ್’, ಬರೆಯುತ್ತಿದ್ದೇನೆ ಎಂದರೆ ‘ಐ ಆ್ಯಮ್ ರೈಟಿಂಗ್’, ಬರೆದಿದ್ದೇನೆ ಎಂದರೆ ‘ಐ ಹ್ಯಾವ್ ರಿಟನ್’. ಬರೆದೆ, ಬರೆಯುತ್ತಿದ್ದೆ, ಬರೆದಿದ್ದೆ ಎಂಬವು ಕ್ರಮವಾಗಿ ‘ಐ ರೋಟ್’, ‘ಐ ವಾಸ್ ರೈಟಿಂಗ್’, ‘ಐ ಹ್ಯಾಡ್ ರಿಟನ್’. ಬರೆಯುತ್ತಿರುತ್ತೇನೆ, ಬರೆದಿರುತ್ತೇನೆ ಎಂಬವು ‘ಐ ವಿಲ್ ಬಿ ರೈಟಿಂಗ್’, ‘ಐ ವಿಲ್ ಹ್ಯಾವ್ ರಿಟನ್’. ‘ಐ ಹ್ಯಾವ್ ಬೀನ್ ರೈಟಿಂಗ್’ ಎಂಬುದಕ್ಕೂ ಬರೆಯುತ್ತಲೇ ಬಂದಿದ್ದೇನೆ ಎಂಬ ಚೆಂದದ ಮಾತು ನಮ್ಮಲ್ಲಿದೆ.

ಒಂದು ವ್ಯತ್ಯಾಸವನ್ನು ಮಾತ್ರ ಕಣ್ಣಿಟ್ಟು ನೋಡಬೇಕು. ಬರೆದಿದ್ದೇನೆ ಎಂಬುದನ್ನು ಬಿಡಿಸಿದರೆ ‘ಬರೆದು’, ‘ಇದ್ದೇನೆ’ ಎಂಬ ಎರಡು ತುಂಡುಗಳು ಸಿಗುತ್ತವೆ, ಕಾಲವನ್ನು ಹೇಳುವುದು ಕೊನೆಯ ತುಂಡು. ಅದನ್ನು ಇದ್ದೆ ಎಂದು ಬದಲಿಸಿದರೆ ಕಾಲವೂ ಬದಲಾಗುತ್ತದೆ. ಇಂಗ್ಲಿಷಿನಲ್ಲಿ ಇದು ಕನ್ನಡಿಯೊಳಗಿನ ಬಿಂಬದಂತೆ ತಿರುಗಿ ನಿಂತಿದೆ: ‘ಹ್ಯಾವ್ ರಿಟನ್’, ‘ಹ್ಯಾಡ್ ರಿಟನ್’ ಎಂಬಲ್ಲಿ ಬದಲಾದದ್ದು ಮೊದಲ ಪದ. ಕ್ರಿಯಾಪದ ಎಷ್ಟೇ ಉದ್ದವಾಗಿದ್ದರೂ ಇಂಗ್ಲಿಷಿನಲ್ಲಿ ಕಾಲವನ್ನು ಹೊರುವುದು ಸರಪಳಿಯ ಮೊದಲ ಪದವೊಂದೇ. ಆದುದರಿಂದ ಟೆನ್ಸ್ ಗುರುತಿಸುವುದು ಎರಡು ಪ್ರಶ್ನೆಗಳ ಕೆಲಸ. ಮೊದಲ ಪದ ಯಾವುದು? ಅದು ‘ಆ್ಯಮ್, ಈಸ್, ಆರ್, ಹ್ಯಾಸ್, ಹ್ಯಾವ್, ಡು, ಡಸ್’ ಆಗಿದ್ದರೆ ವರ್ತಮಾನ, ‘ವಾಸ್, ವರ್, ಹ್ಯಾಡ್, ಡಿಡ್’ ಆಗಿದ್ದರೆ ಭೂತ, ‘ವಿಲ್, ಶಲ್’ ಆಗಿದ್ದರೆ ಭವಿಷ್ಯತ್. ಸಹಾಯಕ ಪದವೇ ಇಲ್ಲದಿದ್ದರೆ ಇರುವ ಒಂದು ಪದದ ರೂಪವೇ ಕಾಲವನ್ನು ಹೇಳುತ್ತದೆ. ಎರಡನೆಯ ಪ್ರಶ್ನೆ, ಬಾಲದಲ್ಲಿ ಏನಿದೆ? ‘ಬಿ’ ಕುಟುಂಬದ ಪದ (ಆ್ಯಮ್, ಈಸ್, ಆರ್, ವಾಸ್, ವರ್, ಬಿ) ಆದ ಮೇಲೆ ‘ಐಎನ್‌ಜಿ’ ಇದ್ದರೆ ಕಂಟಿನ್ಯುಯಸ್, ‘ಹ್ಯಾವ್’ ಕುಟುಂಬದ ಪದ ಆದ ಮೇಲೆ ಕ್ರಿಯಾಪದದ ಮೂರನೆಯ ರೂಪವಿದ್ದರೆ (‘ರೈಟ್, ರೋಟ್, ರಿಟನ್’ ಎಂಬುದರಲ್ಲಿ ‘ರಿಟನ್’) ಪರ್ಫೆಕ್ಟ್, ‘ಹ್ಯಾವ್ ಬೀನ್’ ಆದ ಮೇಲೆ ‘ಐಎನ್‌ಜಿ’ ಬಂದರೆ ಎರಡೂ ಸೇರಿದ್ದು.

‘ಡಿಡ್ ಯು ವೆಂಟ್’ ಎಂಬುದು ಏಕೆ ತಪ್ಪು ಎಂಬುದಕ್ಕೂ ಇಲ್ಲೇ ಉತ್ತರವಿದೆ. ಕಾಲದ ಹೊರೆಯನ್ನು ‘ಡಿಡ್’ ಹೊತ್ತಾಗಿದೆ, ಹಿಂದಿನವನು ಬರಿಗೈಯಲ್ಲಿ ಬರಬೇಕು, ಆದ್ದರಿಂದ ‘ಡಿಡ್ ಯು ಗೋ’. ನಿಷೇಧದ ವಾಕ್ಯಗಳಲ್ಲಿ ಕನ್ನಡ ಇನ್ನೂ ಸ್ಪಷ್ಟವಾಗಿ ನೆರವಾಗುತ್ತದೆ: ಬರಲಿಲ್ಲ ಎಂದರೆ ‘ಡಿಡ್ ನಾಟ್ ಕಮ್’, ಬಂದಿಲ್ಲ ಎಂದರೆ ‘ಹ್ಯಾಸ್ ನಾಟ್ ಕಮ್’. ಬರುವುದಿಲ್ಲ ಎಂಬುದು ಮಾತ್ರ ‘ಡಸ್ ನಾಟ್ ಕಮ್’ ಆಗಬಹುದು, ‘ವಿಲ್ ನಾಟ್ ಕಮ್’ ಕೂಡ ಆಗಬಹುದು, ಏಕೆಂದರೆ ದಿನಾ ಹೋಗುತ್ತೇನೆ, ನಾಳೆ ಹೋಗುತ್ತೇನೆ ಎಂದು ನಾವು ರೂಢಿಗೂ ನಾಳೆಗೂ ಒಂದೇ ರೂಪವನ್ನು ಬಳಸುತ್ತೇವೆ. ಇಂಥಲ್ಲಿ ಕನ್ನಡವನ್ನು ನೆಚ್ಚದೆ ಇಂಗ್ಲಿಷ್ ವಾಕ್ಯದ ಮೊದಲ ಸಹಾಯಕ ಪದವನ್ನೇ ನೋಡಬೇಕು.

ಮೂರನೆಯ ರೂಪವನ್ನು ಎರಡನೆಯದರಿಂದ ಬೇರ್ಪಡಿಸುವುದು ‘ಈಡಿ’ಯಿಂದ ಮುಗಿಯುವ ಪದಗಳಲ್ಲಿ ಕಷ್ಟ. ‘ಶೀ ಕುಕ್ಡ್ ದಿ ರೈಸ್’, ‘ಶೀ ಹ್ಯಾಸ್ ಕುಕ್ಡ್ ದಿ ರೈಸ್’, ‘ದಿ ರೈಸ್ ವಾಸ್ ಕುಕ್ಡ್’ ಎಂಬ ಮೂರರಲ್ಲೂ ಪದ ಒಂದೇ. ಅದರ ಜಾಗದಲ್ಲಿ ‘ಈಟ್’ ಹಾಕಿ ಓದಿದರೆ ಮೊದಲನೆಯದು ‘ಏಟ್’, ಉಳಿದೆರಡು ‘ಈಟನ್’ ಎಂದು ಬೇರೆಯಾಗಿಬಿಡುತ್ತವೆ. ಕೊನೆಯ ವಾಕ್ಯ ‘ವಾಸ್’ ಆದ ಮೇಲೆ ಮೂರನೆಯ ರೂಪ ಬಂದಿರುವ ಪ್ಯಾಸಿವ್ (ಕರ್ಮಣಿ ಪ್ರಯೋಗ), ಅದರ ಕಾಲ ಸಿಂಪಲ್ ಪಾಸ್ಟ್. ಪಾಸ್ಟ್ ಪರ್ಫೆಕ್ಟ್ ಎಂದು ಬರೆದು ಅಂಕ ಕಳೆದುಕೊಳ್ಳುವವರು ಪ್ರತಿ ವರ್ಷ ಇದ್ದೇ ಇರುತ್ತಾರೆ. ‘ಹೀ ಕಟ್ ದಿ ಕೇಕ್’ ಎಂಬಂಥ ವಾಕ್ಯದಲ್ಲಿ ಮೂರು ರೂಪಗಳೂ ಒಂದೇ ಆಗಿದ್ದರೂ ಸುಳಿವಿದೆ: ವರ್ತಮಾನವಾಗಿದ್ದರೆ ‘ಕಟ್ಸ್’ ಇರಬೇಕಿತ್ತು, ಇಲ್ಲದ ಕಾರಣ ಭೂತಕಾಲ. ‘ಹೀಸ್’ ಎಂಬ ಕುಗ್ಗಿಸಿದ ರೂಪ ‘ಹೀ ಈಸ್’ ಆಗಿರಬಹುದು, ‘ಹೀ ಹ್ಯಾಸ್’ ಆಗಿರಬಹುದು. ‘ಹೀಸ್ ಗೋಯಿಂಗ್’, ‘ಹೀಸ್ ಗಾನ್’ ಎಂದು ಬಾಲ ನೋಡಿ ನಿರ್ಧರಿಸಬೇಕು.

ಕುಂದಾಪುರದ ಕಡೆಯಿಂದ ಬಂದು ಹೋಟೆಲಿನಲ್ಲಿ ಕೆಲಸ ಮಾಡುತ್ತ ಓದುತ್ತಿದ್ದ ಒಬ್ಬ ಹುಡುಗ ತನ್ನನ್ನು ಪರಿಚಯಿಸಿಕೊಂಡದ್ದು ಹೀಗೆ: ‘ಐ ಆ್ಯಮ್ ವರ್ಕಿಂಗ್ ಹಿಯರ್ ಸಿನ್ಸ್ ಫೋರ್ ಇಯರ್ಸ್’. ನಾಲ್ಕು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ ಎಂಬ ಕನ್ನಡದ ನೇರ ನೆರಳು ಇದು. ಮರಾಠಿ, ಹಿಂದಿಯವರ ಮಾತಿನ ಕಟ್ಟೂ ಹೀಗೇ ಇರುವುದರಿಂದ ಊರಿಗೆ ಊರೇ ಈ ತಪ್ಪನ್ನು ಆಡುತ್ತದೆ, ಯಾರೂ ತಿದ್ದುವುದಿಲ್ಲ. ಹಿಂದೆ ಶುರುವಾಗಿ ಈಗಲೂ ನಡೆಯುತ್ತಿರುವುದಕ್ಕೆ ಇಂಗ್ಲಿಷ್ ಕೇಳುವುದು ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಫೋರ್ ಇಯರ್ಸ್’. ಅವಧಿಗೆ ‘ಫಾರ್’, ಶುರುವಾದ ಬಿಂದುವಿಗೆ ‘ಸಿನ್ಸ್’. ಅವನಿಗೆ ನಾನು ರೈಲಿನ ಉದಾಹರಣೆಯನ್ನೇ ಕೊಟ್ಟೆ. ಮುಂಬಯಿಯ ಬೋರಿ ಬಂದರಿನಿಂದ ಠಾಣೆಗೆ ಮೊದಲ ಪ್ರಯಾಣಿಕರ ರೈಲು ಹೊರಟದ್ದು 1853ರ ಏಪ್ರಿಲ್ 16ರಂದು. ಅದು ಮುಗಿದುಹೋದ, ದಿನಾಂಕವಿರುವ ಘಟನೆಯಾದ್ದರಿಂದ ‘ದಿ ಫಸ್ಟ್ ಟ್ರೇನ್ ಲೆಫ್ಟ್ ಇನ್ 1853’ ಎಂದು ಸಿಂಪಲ್ ಪಾಸ್ಟ್. ಆ ಓಟ ಇಂದಿಗೂ ನಿಂತಿಲ್ಲವಾದ್ದರಿಂದ ‘ಟ್ರೇನ್ಸ್ ಹ್ಯಾವ್ ಬೀನ್ ರನ್ನಿಂಗ್ ಸಿನ್ಸ್ 1853’ ಎಂದು ಪ್ರೆಸೆಂಟ್ ಪರ್ಫೆಕ್ಟ್ ಕಂಟಿನ್ಯುಯಸ್. ‘ನಿನ್ನೆ ಬಂದಿದ್ದೇನೆ’ ಎಂದು ಕನ್ನಡದಲ್ಲಿ ಸಲೀಸಾಗಿ ಹೇಳಿದಂತೆ ‘ಐ ಹ್ಯಾವ್ ಕಮ್ ಯೆಸ್ಟರ್ಡೇ’ ಎಂದು ಹೇಳಲು ಬರುವುದಿಲ್ಲ, ಮುಗಿದ ಸಮಯದ ಹೆಸರು ಬಂದಲ್ಲಿ ‘ಹ್ಯಾವ್’ ನಿಲ್ಲುವುದಿಲ್ಲ.

ಕಾಲದ ಅರ್ಥವೂ ಟೆನ್ಸಿನ ರೂಪವೂ ಯಾವಾಗಲೂ ಒಂದೇ ಆಗಿರುವುದಿಲ್ಲ ಎಂಬುದನ್ನೂ ತಿಳಿದಿರಬೇಕು. ‘ದಿ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಲೀವ್ಸ್ ಟುಮಾರೋ’ ಎಂಬುದು ನಾಳೆಯ ಸಂಗತಿ, ಆದರೆ ರೂಪ ಸಿಂಪಲ್ ಪ್ರೆಸೆಂಟ್. ವೇಳಾಪಟ್ಟಿಯ ಮಾತುಗಳೆಲ್ಲ ಹೀಗೇ. ಟೆನ್ಸ್ ಯಾವುದು ಎಂದು ಕೇಳಿದಾಗ ಬರೆಯಬೇಕಾದದ್ದು ರೂಪವನ್ನು.

ಅಭ್ಯಾಸಕ್ಕೆ ಇಂಗ್ಲಿಷ್ ದಿನಪತ್ರಿಕೆಯ ಯಾವುದಾದರೂ ಸುದ್ದಿಯ ಮೊದಲ ಎರಡು ಪ್ಯಾರಾಗಳು ಸಾಕು. ಕ್ರಿಯಾಪದಗಳ ಸರಪಳಿಗೆ ಗೆರೆ ಎಳೆದು, ಮೊದಲ ಪದವನ್ನು ಸುತ್ತುಹಾಕಿ, ಅಂಚಿನಲ್ಲಿ ಅದರ ಕನ್ನಡ ಕ್ರಿಯಾಪದವನ್ನು ಬರೆಯುತ್ತ ಹೋಗಬೇಕು. ಲೋಕಲ್‌ನಲ್ಲಿ ಕೇಳುವ ‘ನೆಕ್ಸ್ಟ್ ಸ್ಟೇಷನ್, ದಾದರ್’ ಎಂಬುದನ್ನು ಅಭ್ಯಾಸಕ್ಕೆ ತೆಗೆದುಕೊಂಡರೆ ಎಷ್ಟು ಹುಡುಕಿದರೂ ಕ್ರಿಯಾಪದ ಸಿಗದು. ಪತ್ರಿಕೆಯ ತಲೆಬರಹಗಳನ್ನೂ ಮೊದಲ ಕೆಲವು ವಾರ ಬಿಟ್ಟುಬಿಡುವುದು ಒಳ್ಳೆಯದು, ಏಕೆಂದರೆ ಅವು ನಿನ್ನೆ ನಡೆದದ್ದನ್ನು ‘ಮಿನಿಸ್ಟರ್ ವಿಸಿಟ್ಸ್ ಸ್ಕೂಲ್’ ಎಂದು ವರ್ತಮಾನದಲ್ಲಿ ಹೇಳುತ್ತವೆ, ‘ಟ್ರೇನ್ಸ್ ಡಿಲೇಡ್’ ಎಂಬಲ್ಲಿ ‘ಆರ್’ ಅಥವಾ ‘ವರ್’ ಪದವನ್ನು ನುಂಗಿಬಿಡುತ್ತವೆ, ‘ರೋಡ್ ಟು ಓಪನ್ ಮಂಡೇ’ ಎಂಬಲ್ಲಿ ‘ವಿಲ್’ ಬದಲಿಗೆ ‘ಟು’ ಇಟ್ಟು ಸೋಮವಾರದ ಮಾತನಾಡುತ್ತವೆ.